ವಕೀಲರ ಮೋಟಾರಿನ ನಾಲ್ಕು ಸ್ಕ್ರೂ

ಚಾತುರ್ಮಾಸ ಬಂತೆಂದರೆ ಬದಾಮಿಯ ಪಂಢರೀನಾಥ ಮಾಸ್ತರರ ಮನೆಯಲ್ಲಿ ಪಂಚಾಂಗ ನೋಡುವ ಕಾರಣವಿರಲಿಲ್ಲ. ಊಟದ ಎಲೆ ನೋಡಿದರೆ ಸಾಕಾಗುತ್ತಿತ್ತು. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಆಮೇಲಿನ ತಿಂಗಳು ಮೊಸರಿಲ್ಲ, ಅದರ ಮುಂದೆ ಹಾಲಿಲ್ಲ, ಕಡೆಗೆ ಬೇಳೆಯೂ ಇಲ್ಲ. ವ್ರತ ಹಿಡಿದವರು ಮಾಸ್ತರರ ತಾಯಿ ರುಕ್ಮಿಣೀಬಾಯಿ ಒಬ್ಬರೇ. ಆದರೆ ಒಂದೇ ಒಲೆಯ ಮನೆಯಲ್ಲಿ ಎರಡು ಥರದ ಅಡಿಗೆ ಮಾಡುವವರು ಯಾರು? ಹೀಗಾಗಿ ಪುಣ್ಯ ಅಜ್ಜಿಗೆ, ಪಥ್ಯ ಎಲ್ಲರಿಗೆ.

ಮೋಟಾರಿನ ಜಗಳ ಶುರುವಾದದ್ದು ಕಾಯಿಪಲ್ಲೆ ಇಲ್ಲದ ತಿಂಗಳಲ್ಲಿ. ಬರೀ ತೊವ್ವೆ ಅನ್ನ ಉಂಡು ಮಾಸ್ತರರಿಗೆ ಮೊದಲೇ ಸಿಟ್ಟು ಬಂದಿತ್ತು. ಎದುರಿಗೆ ಕೂತ ಮಗ ಮಧುಸೂದನನ ಉಗುರಿನಲ್ಲಿ ಕರಿ ಎಣ್ಣೆ ಕಂಡದ್ದೇ ತಡ, ಅದಕ್ಕೊಂದು ದಾರಿ ಸಿಕ್ಕಿತು.

“ಊಟಕ್ಕ ಕೂಡಬೇಕಾದ್ರ ಕೈ ತೊಳಕೋಬೇಕಂತ ಯಾರೂ ಹೇಳಿಲ್ಲೇನು?”

“ತೊಳದೇನಪ್ಪಾ. ಎಣ್ಣಿ ಹೋಗೂದಿಲ್ಲ.”

“ಎಣ್ಣಿ ಹೋಗೂದಿಲ್ಲ, ನೀನೂ ಹೋಗೂದಿಲ್ಲ. ಬಾಗಲಕೋಟಿ ಗಿರಣ್ಯಾಗ ಕಾರಕೂನಕಿ ಇತ್ತು, ಬಿಟ್ಟು ಬಂದಿ. ಈಗ ಕೊಟ್ಟಿಗ್ಯಾಗ ದನದ ಬಾಜೂಕ ಮಲಗತಿ.”

“ಮಲಗೂದಿಲ್ಲ, ಮೋಟಾರಿನ ಬುಡಕ ಹೊಕ್ಕಿರತೇನಿ.”

“ಎರಡೂ ಒಂದ.”

ಕೊಟ್ಟಿಗೆಯಲ್ಲಿದ್ದ ಮೋಟಾರು ಮಾಸ್ತರರ ತಂದೆಯದು. ಅವರು ಬಾಗಲಕೋಟೆ ಕೋರ್ಟಿನ ವಕೀಲರು. ವಿಲಾಯತಿಯ ಬಿಚ್ಚು ಮೋಟಾರು. ಮೇಲೆ ಕ್ಯಾನ್ವಾಸಿನ ಟೋಪಿ, ಮುಂದೆ ತಾಟಿನಷ್ಟು ದೊಡ್ಡ ದೀಪ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಅದನ್ನು ಕೊಟ್ಟಿಗೆಗೆ ನೂಕಿ ಗೋಣಿ ಹೊಚ್ಚಿದ್ದರು. ಮರುವರ್ಷ ವಕೀಲರು ತೀರಿಕೊಂಡರು. ಗೋಣಿ ಹಾಗೇ ಉಳಿಯಿತು. ಯುದ್ಧ ಮುಗಿದು, ಸ್ವರಾಜ್ಯ ಬಂದು, ರೇಷನ್ನು ಹೋದರೂ ಯಾರೂ ಅದನ್ನು ತೆಗೆದಿರಲಿಲ್ಲ. ಈಗ ಮಧುಸೂದನ ತೆಗೆದಿದ್ದ. ಮೋಟಾರು ಸರಿಮಾಡಿ ಸ್ಟೇಷನ್ನಿನಿಂದ ಮಹಾಕೂಟಕ್ಕೆ, ಕುಳಗೇರಿ ಕ್ರಾಸಿಗೆ ಬಾಡಿಗೆಗೆ ಓಡಿಸುವುದು ಅವನ ವಿಚಾರ. ಅದಕ್ಕೆ ಬೇಕಾದ ಪರವಾನಗಿಯನ್ನೂ ಬಿಜಾಪುರಕ್ಕೆ ಹೋಗಿ ಮಾಡಿಸಿಕೊಂಡು ಬಂದಿದ್ದ.

“ವಕೀಲರ ಮೊಮ್ಮಗ ಬಾಡಿಗಿ ಗಾಡಿ ಹೊಡೀತಾನ ಅಂತ ಊರು ನಗಬೇಕು,” ಎಂದರು ಮಾಸ್ತರರು.

“ಊರವರ ಕಡೆ ಮೋಟಾರ ಎಲ್ಲದ, ನಗಲಿಕ್ಕೆ?” ಎಂದ ಮಗ.

ಬಡಿಸುತ್ತಿದ್ದ ತಾಯಿ ಮಥುರಾಬಾಯಿ ಸೌಟು ಅಲ್ಲೇ ನಿಲ್ಲಿಸಿ ಗಂಡನ ಮುಖ ನೋಡಿದರು. ಅವರ ಅಣ್ಣ ಸೊಲ್ಲಾಪುರದ ಗಿರಣಿಯೊಂದರ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಸೋದರಳಿಯನಿಗೆ ಅಲ್ಲೊಂದು ಕುರ್ಚಿ ಕಾದಿಟ್ಟಿದ್ದೇನೆಂದು ಹೇಳಿ ಕಳಿಸಿದ್ದ.

ಮಾಸ್ತರರು ಕಡೆಗೆ ತೀರ್ಪು ಕೊಟ್ಟರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಪಿಂಚಣಿ ಪಡೆದವರು. ಅವರಿಗೆ ಯಾವುದೂ ಉತ್ತರವಿಲ್ಲದೆ ಉಳಿಯಬಾರದು. “ದೀಪಾವಳಿತನಕ ನೋಡ್ತೇನಿ. ಅಷ್ಟರೊಳಗ ಮೋಟಾರ ಮನಿಮಂದೀನ ಕೂಡಿಸಿಕೊಂಡು ಹೋಗಿ ತಿರುಗಿ ಬರಬೇಕು. ಬಂದ್ರ ನಿನ್ನ ದಾರಿ ನಿಂಗ. ಇಲ್ಲಂದ್ರ ಮೋಟಾರು ಗುಜರಿಗೆ, ನೀವಿಬ್ಬರೂ ಸೊಲ್ಲಾಪುರಕ್ಕ.”

ನೀವಿಬ್ಬರೂ ಎಂದದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಕುಮುದಿನಿಯ ಕಿವಿಗೂ ಬಿತ್ತು. ಅವಳು ಮದುವೆಗೆ ಮುಂಚೆ ಧಾರವಾಡದಲ್ಲಿ ಟ್ರೇನಿಂಗು ಮುಗಿಸಿದವಳು. ಆ ಜೂನಿನಲ್ಲಷ್ಟೇ ಬದಾಮಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಅವಳಿಗೆ ಮಾಸ್ತರಿಕೆ ಸಿಕ್ಕಿತ್ತು. ಹಂಗಾಮಿ ಹುದ್ದೆ, ವರ್ಷ ತುಂಬಿದರೆ ಕಾಯಂ ಆಗುವ ಮಾತಿತ್ತು, ನಡುವೆ ಬಿಟ್ಟರೆ ಮತ್ತೆ ಸಿಗುವ ಮಾತಿರಲಿಲ್ಲ. ಎರಡನೆಯ ಇಯತ್ತೆಯ ಹುಡುಗಿಯರು ಅವಳನ್ನು ಅಕ್ಕೋರ ಎಂದು ಕರೆಯುತ್ತಿದ್ದರು. ಆ ಕರೆ ಕೇಳಲಿಕ್ಕೆ ಅವಳಿಗೆ ಎಷ್ಟು ಖುಷಿಯೆಂದರೆ, ಒಮ್ಮೊಮ್ಮೆ ಕೇಳಿಯೂ ಕೇಳದವಳ ಹಾಗೆ ನಿಂತು ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದಳು. ಈಗ ಆ ಸಾಲೆ ಕೊಟ್ಟಿಗೆಯಲ್ಲಿ ಬಿಚ್ಚಿ ಹರವಿದ ಕಬ್ಬಿಣದ ಮೇಲೆ ನಿಂತಿತು.

ಅಜ್ಜಿಗೆ ಮೊಮ್ಮಗನ ಹೆಂಡತಿ ಸಾಲೆಗೆ ಹೋಗುವುದು ಸೇರುತ್ತಿರಲಿಲ್ಲ. ಹತ್ತೂ ಮನೆಯ ಹುಡುಗಿಯರನ್ನು ಮುಟ್ಟಿ ಬರುತ್ತಾಳೆ, ಸಂಜೆ ಸ್ನಾನವಾಗುವವರೆಗೆ ಒಳಗಿನ ಒಂದು ಕೆಲಸಕ್ಕೂ ಬರುವುದಿಲ್ಲ ಎಂದು ಗೊಣಗುತ್ತಿದ್ದರು. ಮೋಟಾರಿನ ವಿಷಯದಲ್ಲಿ ಮಾತ್ರ ಅವರದು ಮೊಮ್ಮಗನ ಪಕ್ಷ.

“ಅವರು ಅದರಾಗ ಕೂತು ಕೋರ್ಟಿಗೆ ಹೊಂಟ್ರ ಕಲಾದಗಿತನಕ ಸಪ್ಪಳ ಕೇಳತಿತ್ತು,” ಎನ್ನುತ್ತಿದ್ದರು. “ಗುಜರಿಗೆ ಹಾಕತಾನಂತ! ಮೊದಲ ನನ್ನ ಹಾಕು ಅನ್ರಿ ಅವಂಗ.”

ಮಧುಸೂದನ ಆ ತಿಂಗಳು ಎಂಜಿನ್ನಿನ ದೊಡ್ಡ ಕೆಲಸವನ್ನೆಲ್ಲ ಮುಗಿಸಿದ. ಕುಳಗೇರಿ ಕ್ರಾಸಿನಲ್ಲಿ ಲಾರಿ ರಿಪೇರಿ ಮಾಡುವ ಜಹಾಂಗೀರ ಅವನ ದೋಸ್ತ. ಮೋಟಾರು ಹೊಡೆಯಲು ಕಲಿಸಿದವನೂ ಅವನೇ. ಆಗಾಗ ಬಂದು ಕೈ ಹಚ್ಚಿ ಹೋಗುತ್ತಿದ್ದ. ಉಳಿದದ್ದು ಕಾರ್ಬರೇಟರು. ಪೆಟ್ರೋಲಿಗೂ ಗಾಳಿಗೂ ಬೆರಕೆ ಮಾಡುವ ಹಿತ್ತಾಳೆಯ ಡಬ್ಬಿ ಅದು. ಅದರ ಮುಚ್ಚಳವನ್ನು ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆಯ ಸ್ಕ್ರೂಗಳು ಹಿಡಿದಿದ್ದವು. ಒಂದೊಂದೂ ಹುಣಸೆ ಬೀಜಕ್ಕಿಂತ ಸಣ್ಣದು. ಮಧುಸೂದನ ಅವನ್ನು ಬಿಚ್ಚಿ, ಕಿಲುಬು ಬಿಡಲೆಂದು ಒಂದು ಬಟ್ಟಲಿನಲ್ಲಿ ಸೀಮೆಎಣ್ಣೆ ಹಾಕಿ ನೆನೆಯಿಟ್ಟು, ಮುಚ್ಚಳದ ಕೆಳಗಿನ ಪ್ಯಾಕಿಂಗಿಗೆ ದಪ್ಪ ಕಾಗದ ತರಲು ಬಾಗಲಕೋಟೆಗೆ ಹೋದ.

ತಿರುಗಿ ಬಂದಾಗ ಬಟ್ಟಲಿನಲ್ಲಿ ಸೀಮೆಎಣ್ಣೆ ಇರಲಿಲ್ಲ. ನಾಲ್ಕು ಸ್ಕ್ರೂಗಳು ಬಾಳೆಎಲೆಯ ತುಂಡಿನ ಮೇಲೆ ಬಂಗಾರದ ಹಾಗೆ ಹೊಳೆಯುತ್ತಿದ್ದವು.

“ದೇವರ ಉಪಕರಣಿ ತಿಕ್ಕತಿದ್ದೆ,” ಎಂದರು ಅಜ್ಜಿ. “ಹಿತ್ತಾಳಿ ಸಾಮಾನು ಹೊಲಸ ಎಣ್ಣ್ಯಾಗ ಬಿದ್ದಿತ್ತು. ಕೂಡೇ ತಿಕ್ಕಿ ಇಟ್ಟೆ.”

“ಎಷ್ಟ ಛಲೋ ಹೊಳೀತಾವ ಅಜ್ಜಿ!” ಎಂದು ಮಧುಸೂದನ ನಿಜವಾಗಿಯೂ ಖುಷಿಪಟ್ಟ. ಅಂದೇ ಮುಚ್ಚಳ ಕೂಡಿಸಿ ಸ್ಕ್ರೂ ತಿರುವಿದ. ಅರ್ಧಕ್ಕೇ ಗಟ್ಟಿ ಹತ್ತಿದವು. ಸ್ವಲ್ಪ ಜೋರು ಹಾಕಿ ಇನ್ನಷ್ಟು ತಿರುವಿದ. ಆಮೇಲೆ ಮಿಸುಕಲಿಲ್ಲ. ಗಟ್ಟಿ ಕೂತವು ಎಂದುಕೊಂಡ.

ಶ್ರಾವಣದ ಕಡೆಯ ಸೋಮವಾರ ಮೋಟಾರು ಮಹಾಕೂಟಕ್ಕೆ ಹೊರಟಿತು. ಆಗ ಮೊಸರಿಲ್ಲದ ತಿಂಗಳು. ಮಥುರಾಬಾಯಿ ಬುತ್ತಿಗೆ ಹುಳಿಯನ್ನ ಕಲಿಸಿದ್ದರು. ಹಿಂದೆ ಅಜ್ಜಿ, ಅತ್ತೆ, ಸೊಸೆ. ಮುಂದೆ ಮಗನ ಬಾಜು ಮಾಸ್ತರರು, ತೊಡೆಯ ಮೇಲೆ ಛತ್ರಿ. ಪೇಟೆಯವರು ಅಂಗಡಿ ಬಿಟ್ಟು ಎದ್ದು ನೋಡಿದರು. ಮಾಸ್ತರರು ಯಾರ ಕಡೆಗೂ ನೋಡದೆ ನೆಟ್ಟಗೆ ಕೂತಿದ್ದರು. ಆದರೆ ರುಮಾಲು ಮಾತ್ರ ಮನೆಯಲ್ಲೇ ಎರಡು ಸಲ ಬಿಚ್ಚಿ ಸುತ್ತಿಕೊಂಡಿದ್ದರು.

ಏರಿನಲ್ಲಿ ಎಂಜಿನ್ನು ಕೆಮ್ಮಿತು. ಆಮೇಲೆ ಪೆಟ್ರೋಲಿನ ವಾಸನೆ ಬಂತು. ಆಮೇಲೆ ಮೋಟಾರು ನಿಂತಿತು. ಮಧುಸೂದನ ಬಾನೆಟ್ಟು ಎತ್ತಿ ನೋಡಿದರೆ ಕಾರ್ಬರೇಟರಿನ ಮುಚ್ಚಳ ಒಂದು ಬದಿಗೆ ಬಾಯಿ ತೆರೆದಿತ್ತು, ಸಂದಿಯಿಂದ ಪೆಟ್ರೋಲು ಕಾದ ಕಬ್ಬಿಣದ ಮೇಲೆ ತಟತಟ ಬೀಳುತ್ತಿತ್ತು. ಒಂದು ಸ್ಕ್ರೂ ಪೂರಾ ಬಿಚ್ಚಿ ಕೆಳಗಿನ ತಗಡಿನಲ್ಲಿ ಬಿದ್ದಿತ್ತು.

“ಎಲ್ಲಾರೂ ಕೆಳಗ ಇಳೀರಿ!” ಎಂದು ಕೂಗಿದ.

“ಬೆಂಕಿ ಹತ್ತತದೇನು?” ಎಂದರು ಅಜ್ಜಿ, ಇಳಿಯದೆ.

“ಹತ್ತಬಹುದು. ಇಳೀರಿ ಅಜ್ಜಿ!”

ಆ ದಿನ ಮಹಾಕೂಟಕ್ಕೆ ಹೊರಟಿದ್ದ ಚಕ್ಕಡಿಯೊಂದು ಹೆಂಗಸರನ್ನು ಹತ್ತಿಸಿಕೊಂಡಿತು. ಇನ್ನೊಂದು ಚಕ್ಕಡಿಯ ಎತ್ತುಗಳು ಮೋಟಾರನ್ನು ಹಗ್ಗ ಕಟ್ಟಿ ಊರಿಗೆ ಎಳೆದು ತಂದವು. ಪೇಟೆಯವರು ಮತ್ತೆ ಅಂಗಡಿ ಬಿಟ್ಟು ಎದ್ದರು. ಮಾಸ್ತರರು ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡು ನಡೆದರು. ಬಿಸಿಲು ಬೇರೆ ಕಡೆಯಿಂದಿತ್ತು.

ಲಾರಿ ಕೆಲಸದಿಂದ ಬಿಡುವಾಗಿ ಹದಿನೈದು ದಿನದ ಮೇಲೆ ಬಂದ ಜಹಾಂಗೀರ ನೋಡಿ ಹೇಳಿದ: “ಏನಿಲ್ರಿ ರಾಯರ, ಟೈಟ್ ಸಾಲದು. ಅದುರಿಗೆ ಬಿಚ್ಚ್ಯಾವ. ಪಕ್ಕಡ ಹಚ್ಚಿ ಜಗ್ಗರಿ.”

ಲಾರಿಯ ಗಾಲಿಗೆ ಆ ಮಾತು ಬರೋಬರಿ. ಲಾರಿಯ ಬೋಲ್ಟು ತಿರುವುವಾಗ ಅವನು ಪಾನಾದ ತುದಿಗೆ ಪೈಪು ಸಿಗಿಸಿ ಮೇಲೆ ನಿಲ್ಲುತ್ತಿದ್ದವನು. ಮಧುಸೂದನ ಅವನ ಮಾತಿನಂತೆ ಸ್ಕ್ರೂ ಡ್ರೈವರಿಗೆ ಇಕ್ಕಳದಂಥ ಪಕ್ಕಡ ಹಚ್ಚಿ ಹಲ್ಲು ಕಚ್ಚಿ ತಿರುವಿದ. ಮೊದಲನೆಯದು ತಿರುಗಿತು. ಎರಡನೆಯದರ ತಲೆ ಟಕ್ಕೆಂದು ಮುರಿದು ಕೈಗೆ ಬಂತು, ಮೈ ಒಳಗೇ ಉಳಿಯಿತು. ಮೂರನೆಯದು ತಿರುಗುತ್ತಲೇ ಹೋಯಿತು. ಅದರ ಸುತ್ತುಗಳು ಪೂರಾ ಸವೆದು ಹೋಗಿದ್ದವು.

ಮಧುಸೂದನ ಪಕ್ಕಡ ಕೆಳಗಿಟ್ಟ.

“ನನ್ನ ತಪ್ಪ ಐತ್ರಿ,” ಎಂದ ಜಹಾಂಗೀರ. “ಇದು ಲಾರಿ ಅಲ್ಲ.” ಮುರಿದು ಉಳಿದ ತುಂಡನ್ನು ಸಣ್ಣ ಉಳಿಯಿಂದ ಮೆಲ್ಲಗೆ ತಟ್ಟಿ ತಟ್ಟಿ ಉಲ್ಟಾ ತಿರುಗಿಸಿ ಹೊರತೆಗೆದುಕೊಟ್ಟು, ಚಹಾ ಕುಡಿಯದೇ ಹೋದ.

ಆ ಸಂಜೆ ಮಾಸ್ತರರು ಸೊಲ್ಲಾಪುರಕ್ಕೆ ಕಾಗದ ಬರೆಯಲು ಕೂತರು. ಮಥುರಾಬಾಯಿ ಬಂದು ಎದುರಿಗೆ ನಿಂತರು.

“ದೀಪಾವಳಿತನಕ ಅಂದಿದ್ರಿ.”

“ಮುರದ ಹೋಯ್ತಲ್ಲ, ಇನ್ನ್ಯಾತಕ್ಕ ದೀಪಾವಳಿ?”

“ಅಂದದ್ದು ಅಂದದ್ದ. ಸಾಲ್ಯಾಗ ಗಂಟಿ ಹೊಡ್ಯೂಕಿಂತ ಮೊದಲ ಪೇಪರ ಕಸಗೋತಿದ್ರೇನು?”

ಮಾಸ್ತರರು ಮಸಿದೌತಿಯ ಬಾಯಿ ಮುಚ್ಚಿದರು.

ಕುಮುದಿನಿ ಸಾಲೆಯಿಂದ ಬಂದವಳು ಕೊಟ್ಟಿಗೆಗೆ ಹೋದಳು. ಗಂಡ ಗೋಡೆಗೆ ಒರಗಿದ್ದ. ಬಟ್ಟಲಿನಲ್ಲಿ ಉಳಿದ ಸ್ಕ್ರೂ, ತಲೆ ಹೋದ ಸ್ಕ್ರೂ ಬಿದ್ದಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಸೆರಗಿನ ಪಿನ್ನು ತೆಗೆದು ಅದರ ಸುತ್ತುಗಳ ನಡುವೆ ಕೆದರಿದಳು. ಕೆಂಪು ಹುಡಿ ಅಂಗೈಯಲ್ಲಿ ಉದುರಿತು.

“ಇಲ್ಲೆ ನೋಡ್ರಿ.”

“ಜಂಗು.”

“ಹಿತ್ತಾಳಿಗೆ ಕೆಂಪ ಜಂಗು ಎಲ್ಲಿಂದ ಬರಬೇಕು? ಇದು ಇಟ್ಟಂಗಿ ಪುಡಿ. ಹುಣಸಿಹಣ್ಣು ಹಚ್ಚಿ ತಿಕ್ಕ್ಯಾರಲ್ಲ, ಸುತ್ತಿನ್ಯಾಗ ಹೊಕ್ಕು ಒಣಗಿ ಕೂತದ. ನೀವು ತಿರುವಿದಾಗ ಗಟ್ಟಿ ಹತ್ತಿದ್ದು ಇದು. ಸ್ಕ್ರೂ ಕೂತೇ ಇರಲಿಲ್ಲ. ಮುಚ್ಚಳಕ್ಕ ಮುಟ್ಟೇ ಇರಲಿಲ್ಲ.”

ಮಧುಸೂದನ ಅಂಗೈಯ ಹುಡಿಯನ್ನೇ ನೋಡಿದ. “ನಿಂಗ ಹೆಂಗ ಗೊತ್ತು?”

“ಕಿವಿಗೆ ಬೆಂಡೋಲಿ ಹಾಕ್ಕೊಳ್ಳೋರಿಗೆಲ್ಲಾ ಗೊತ್ತು. ತಿರಪಿನ್ಯಾಗ ಸೀಗಿಪುಡಿ ಹೊಕ್ಕರ ಹಿಂಗ ಆಗತದ. ಗಟ್ಟಿ ಕೂತದಂತ ತಿಳದು ಹೋಗಿರತೀವಿ, ಓಲಿ ಬಾವ್ಯಾಗ ಬಿದ್ದಿರತದ.”

ಅದನ್ನು ಒಳಗೆ ಹೇಳಬೇಕೋ ಬೇಡವೋ ಎಂದು ಗಂಡ ಹೆಂಡತಿ ಇನ್ನೂ ಮಾತಾಡಿಕೊಳ್ಳುತ್ತಿರುವಾಗಲೇ ಹಿತ್ತಲ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಅವರಿಗೆ ಕಣ್ಣು ಮಂದವಾಗಿತ್ತು, ಕಿವಿ ಆಗಿರಲಿಲ್ಲ.

“ಅಂದ್ರ ನಾ ಕೆಡಿಸಿದೆ ಅಂತೀ.”

“ಹಂಗಲ್ಲ ಅಜ್ಜೀರ. ಇಟ್ಟಂಗಿ ಪುಡಿ—”

“ಮದಿವಿಯಾಗಿ ಬಂದಾಗಿಂದ ತಿಕ್ಕೇನಿ ಹಿತ್ತಾಳಿ. ನನ್ನ ಕೈಯಾಗ ಒಂದು ಪಂಚಪಾತ್ರಿ ಕೆಟ್ಟದ್ದು ತೋರಸು.”

“ಪಂಚಪಾತ್ರಿಗೆ ಸುತ್ತ ಇರೂದಿಲ್ರಿ,” ಎಂದುಬಿಟ್ಟಳು ಕುಮುದಿನಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಅಜ್ಜಿ ಊಟ ಬಿಟ್ಟರು. ವಿಧವೆಯಾದ ಮೇಲೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದವರು, ಅದನ್ನೂ ಒಲ್ಲೆನೆಂದರು. ಆಗ ಹಾಲಿಲ್ಲದ ತಿಂಗಳು ಶುರುವಾಗಿತ್ತು. ಹಾಲು ಕೊಟ್ಟಾದರೂ ಸುಧಾರಿಸೋಣವೆಂದರೆ ವ್ರತ ಅಡ್ಡ. ದೇವರ ಮುಂದೆ ಕೂತು ಲಕ್ಷಬತ್ತಿಗೆಂದು ಅರಳೆ ಹೊಸೆಯುತ್ತಲೇ ಇದ್ದರು. ಮಥುರಾಬಾಯಿಗೆ ಅತ್ತೆಯ ಕಡೆಯಿಂದ ಒಂದು ಮಾತು, ಸೊಸೆಯ ಕಡೆಯಿಂದ ಒಂದು ಮೌನ, ನಡುವೆ ತಮ್ಮ ಸೊಂಟನೋವು.

“ಹೋಗಿ ತಪ್ಪಾತು ಅಂದು ಬಾ,” ಎಂದರು ಸೊಸೆಗೆ.

“ತಪ್ಪ ಆಗಿದ್ರ ಅಂತಿದ್ದೆ ಅತ್ತಿಯವರ.”

“ತಪ್ಪ ಆದ್ರ ಯಾರರ ಅಂತಾರ. ಆಗಲಾರದಕ್ಕ ಅನ್ನೂದ ಮನಿತನ.”

ಕುಮುದಿನಿ ಹೋದಳು. ತಪ್ಪಾಯಿತು ಎನ್ನಲಿಲ್ಲ. ದೂರದಲ್ಲಿ ಕೂತು, “ಅಜ್ಜೀರ, ನನಗ ಒಂದ ನಾಕು ಬತ್ತಿ ಬೇಕಾಗಿದ್ದವು,” ಎಂದಳು.

“ಯಾತಕ್ಕ?”

“ಮೋಟಾರದ ಡಬ್ಬಿಯೊಳಗಿನ ತೂತು ಒರಸಲಿಕ್ಕೆ. ಅದರಾಗನೂ ಹುಡಿ ಕೂತದ. ಅರಿವಿ ಹೋಗೂದಿಲ್ಲ, ಕಡ್ಡಿ ಹಾಕಿದ್ರ ಮುರೀತದ. ಬತ್ತಿ ಆದ್ರ ತಿರುಗಿಸಿ ತಗೀಬಹುದು.”

ಅಜ್ಜಿ ಹೊಸೆದ ಬತ್ತಿಯನ್ನು ರಾಶಿಗೆ ಸೇರಿಸಿದರು. “ಇವು ದೇವರಿಗೆ ಎಣಿಸಿಟ್ಟಾವು, ಇವನ್ನ ಕೊಡೂದಿಲ್ಲ,” ಎಂದರು. “ಬ್ಯಾರೆ ಹೊಸದು ಕೊಡತೇನಿ. ತೂತು ಎಷ್ಟ ಅಗಲ ಅದ?”

ಆ ಮಧ್ಯಾಹ್ನ ಉಂಡರು.

ಹೊಸ ಸ್ಕ್ರೂ ಎಲ್ಲಿಂದ ತರುವುದೆಂಬುದು ದೊಡ್ಡ ತಾಪತ್ರಯ. ಹುಬ್ಬಳ್ಳಿಯಲ್ಲೂ ಆ ಅಳತೆ ಸಿಗಲಿಲ್ಲ. ಕಡೆಗೆ ಜಹಾಂಗೀರನೇ ಸುದ್ದಿ ತಂದ: ಹುನಗುಂದದ ಒಬ್ಬ ಇನಾಮದಾರರ ಹಿತ್ತಲಿನಲ್ಲಿ ಅದೇ ಮಾದರಿಯ ಮೋಟಾರು ಕೋಳಿಗೂಡಾಗಿ ನಿಂತಿದೆ. ಮಧುಸೂದನ ಹೋಗಿ, ಕೋಳಿಗಳನ್ನು ಎಬ್ಬಿಸಿ, ನಾಲ್ಕು ಸ್ಕ್ರೂ ಬಿಚ್ಚಿಕೊಂಡು ಬಂದ. ಇವೂ ಮುರಿದರೆ ಇನ್ನು ಎಲ್ಲೂ ಇಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಬೇಳೆಯಿಲ್ಲದ ತಿಂಗಳು ಆಗಲೇ ಹತ್ತಿರ ಬಂದಿತ್ತು.

ಸಾಲೆಗೆ ರಜೆಯಿದ್ದ ಒಂದು ಭಾನುವಾರ ಕುಮುದಿನಿ ಕೊಟ್ಟಿಗೆಯಲ್ಲಿ ಮಣೆ ಹಾಕಿಕೊಂಡು ಕೂತಳು. ಅಜ್ಜಿಯ ಬತ್ತಿಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೂತುಗಳಲ್ಲಿ ತಿರುಗಿಸಿ ತೆಗೆದಳು. ಮೊದಲು ಬಂದ ಬತ್ತಿ ಕೆಂಪಗಿತ್ತು, ಆಮೇಲಿನದು ಕಂದು, ಕಡೆಯದು ಹಾಕಿದ ಹಾಗೇ ಬಿಳಿ. ಸ್ಕ್ರೂಗಳ ಸುತ್ತನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ತುದಿಗೆ ಒಂದೇ ಹನಿ ಎಣ್ಣೆ ಮುಟ್ಟಿಸಿದಳು.

ಮಧುಸೂದನ ಸ್ಕ್ರೂ ಡ್ರೈವರು ಹಿಡಿದು ಮುಂದೆ ಬಂದ. “ಕೊಡು, ಇನ್ನ ನಾ ತಿರುವತೇನಿ.”

“ಈಗ ಅದು ಬ್ಯಾಡ. ಬರೇ ಬೆರಳು.”

ಸ್ಕ್ರೂವನ್ನು ತೂತಿನ ಮೇಲೆ ನೆಟ್ಟಗೆ ನಿಲ್ಲಿಸಿ ಅವಳು ಉಲ್ಟಾ ತಿರುವಿದಳು.

“ಅದು ಬಿಚ್ಚೂ ಕಡೆ, ಕುಮುದಾ.”

“ಗೊತ್ತದ. ಉಲ್ಟಾ ತಿರುವಿದ್ರ ಒಂದ ಕಡೆ ಟಪ್ಪಂತ ಕೆಳಗ ಇಳೀತದ ನೋಡ್ರಿ. ಹಾಂ, ಇಳೀತು. ಅಲ್ಲಿಂದ ಸುಲ್ಟಾ ತಿರುವಿದ್ರ ಸುತ್ತಿಗೆ ಸುತ್ತು ಕೂಡತದ. ಇಲ್ಲಂದ್ರ ಡೊಂಕ ಹತ್ತಿ ತಿನಕೋತ ಹೋಗತದ. ಬಂಗಾರ ಮೆತ್ತಗಿರತದ, ನಮ್ಮವ್ವ ಇದನ್ನ ಬಡಿದು ಕಲಿಸ್ಯಾಳ.”

ನಾಲ್ಕನ್ನೂ ಬೆರಳಿನಿಂದಲೇ ತಿರುವಿ, ತಲೆ ಮುಚ್ಚಳಕ್ಕೆ ಮುಟ್ಟುವವರೆಗೆ ಇಳಿಸಿದಳು. ಯಾವುದೂ ನಡುವೆ ಹಿಡಿಯಲಿಲ್ಲ. ಆಮೇಲೆ ಸ್ಕ್ರೂ ಡ್ರೈವರನ್ನು ಮುಷ್ಟಿಯಲ್ಲಿ ಹಿಡಿಯದೆ, ಬಳಪ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದು ಒಂದು ಮೂಲೆಗೆ ಸ್ವಲ್ಪ, ಅದರ ಎದುರಿನ ಮೂಲೆಗೆ ಸ್ವಲ್ಪ ಒತ್ತಿದಳು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವಾಗ ಅವರ ಮನೆಯಲ್ಲಿ ಹಾಗೇ ಜಗ್ಗುತ್ತಿದ್ದರು. ಒಂದೇ ಕಡೆ ಜಗ್ಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

“ಸಾಕು,” ಎಂದಳು.

“ಇಷ್ಟಕ್ಕ ಸಾಕ? ಇನ್ನೊಂದಿಷ್ಟು ಹಾಕೋಣು.”

“ಹಾಕಿದ್ರ ನೀವ ಹಾಕ್ರಿ. ಮತ್ತ ಹುನಗುಂದಕ್ಕ ಹೋಗಿ ಕೋಳಿ ಎಬ್ಬಿಸೋರೂ ನೀವ.”

ಮಧುಸೂದನ ಕೈ ಹಿಂದೆ ತೆಗೆದುಕೊಂಡ. ಗಂಡಸಾಗಿ ಅವನಿಗೆ ಸ್ವಲ್ಪ ಚುರುಕ್ಕೆಂದಿರಬೇಕು. ಆದರೆ ಮುಚ್ಚಳ ನಾಲ್ಕೂ ಕಡೆ ಸಮನಾಗಿ ಕೂತದ್ದನ್ನು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಅವನಲ್ಲಿತ್ತು.

ಕುಳಗೇರಿ ಕ್ರಾಸಿನವರೆಗೆ ಅವನೊಬ್ಬನೇ ಓಡಿಸಿ ಬಂದ. ಒಂದು ಹನಿ ಸೋರಲಿಲ್ಲ. ಎಂಜಿನ್ನು ಆರಿದ ಮೇಲೆ ಕುಮುದಿನಿ ಮತ್ತೆ ಕೈ ಹಚ್ಚಿದಾಗ ನಾಲ್ಕೂ ಸ್ಕ್ರೂ ಕೂದಲೆಳೆಯಷ್ಟು ಮುಂದೆ ಹೋದವು. ಕಾದು ಆರಿದಾಗೊಮ್ಮೆ ಕಾಗದದ ಪ್ಯಾಕಿಂಗು ಅಷ್ಟಷ್ಟು ಕೆಳಗೆ ಕೂಡುತ್ತಿತ್ತು.

“ಇದು ಪೂರಾ ಕೂಡೂತನಕ ಪ್ರತಿ ಸಲ ನೋಡಬೇಕಾಗತದ,” ಎಂದಳು.

“ನೀನ ನೋಡಬೇಕು,” ಎಂದ ಗಂಡ. “ನನ್ನ ಕೈ ಭಾರ.”

ದೀಪಾವಳಿಯ ಪಾಡ್ಯದ ದಿನ ಮೋಟಾರು ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಬಾಗಲಕೋಟೆಗೆ ಹೋಯಿತು. ಮಾಸ್ತರರು ಹಳೆಯ ಗೆಳೆಯರ ಮನೆಗಳ ಮುಂದೆ ಮೋಟಾರು ನಿಲ್ಲಿಸಲು ಹೇಳಿ ಎಲ್ಲರನ್ನೂ ಮಾತಾಡಿಸಿದರು. ಗಂಡ ಇಳಿಯುತ್ತಿದ್ದ ಕೋರ್ಟಿನ ಬಾಗಿಲನ್ನು ಅಜ್ಜಿ ಕೂತಲ್ಲಿಂದಲೇ ನೋಡಿ ಕಣ್ಣೊರೆಸಿಕೊಂಡರು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಸುಖವಾಗಿ ತಿರುಗಿ ಬಂದರು. ಬದಾಮಿಯ ಪೇಟೆಯಲ್ಲಿ ಮಾಸ್ತರರ ಛತ್ರಿ ಮಡಚಿಯೇ ಇತ್ತು.

ಆ ರಾತ್ರಿ ಊಟಕ್ಕೆ ಬೇಳೆಯಿಲ್ಲದ ಸಾರು, ಗೋಧಿ ಹುಗ್ಗಿ. ಮಾಸ್ತರರು ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡರು.

“ಮಾತು ಅಂದ್ರ ಮಾತು. ಸೊಲ್ಲಾಪುರ ಇಲ್ಲ,” ಎಂದರು. “ನಾಳಿಂದ ಬಾಡಿಗಿ ಸುರು ಮಾಡು. ಇಳಕಲ್ಲಿನ ಸೀರಿ ವ್ಯಾಪಾರಿ ಹನಮಂತಪ್ಪನವರು ಮಂದಿ ಕಟಗೊಂಡು ಮಹಾಕೂಟಕ್ಕ ಹೋಗೋರಿದ್ದಾರ. ನಾಡದು ಮುಂಜಾನಿ ಮನೀಗೇ ಬರ್ತಾರ. ನಾನ ಹೇಳೇನಿ.”

ಮಧುಸೂದನನ ಮುಖ ಅರಳಿತು. ಬಾಗಿಲಲ್ಲಿದ್ದ ಕುಮುದಿನಿಯ ಮುಖವೂ ಅರಳಿತು.

“ಇನ್ನ ಮನ್ಯಾಗ ಗಳಿಸೋ ಗಂಡಸು ಆದ,” ಎಂದು ಮಾಸ್ತರರು ಅದೇ ಉಸಿರಿನಲ್ಲಿ ಮುಂದುವರಿಸಿದರು. “ಕುಮುದಾ ಸಾಲಿಗೆ ಹೋಗೂ ಗರಜ ಉಳೀಲಿಲ್ಲ. ಮಥುರಾಗ ಸೊಂಟ ಹಿಡಿದದ. ನಾಡದು ಸಾಲಿ ತೆರೀತದ, ಹೋಗಬ್ಯಾಡ. ಮಡಿ ಅಡಗಿ ಇನ್ನ ನೀ ಹಿಡಿಯವಾ.”

ಮಧುಸೂದನ ಎಲೆ ನೋಡುತ್ತ ಕೂತ. ಅವನ ಮೇಲೆ ಆಗ ಕುಮುದಿನಿಗೆ ಬಂದ ಸಿಟ್ಟು ಮಾವನ ಮೇಲೂ ಬರಲಿಲ್ಲ. ಆ ರಾತ್ರಿ ಅವಳು ಕೊಟ್ಟಿಗೆಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

ಸಾಲೆ ತೆರೆಯುವ ದಿನ ಮುಂಜಾನೆ ಅವಳು ಸ್ನಾನ ಮಾಡಿ, ಮಡಿಯ ಗಳದ ಮೇಲಿನ ಸೀರೆಗೆ ಕೈ ಹಾಕದೆ, ಸಾಲೆಯ ಸೀರೆ ಉಟ್ಟು ಹೊರಗೆ ಬಂದಳು. ಮಾಸ್ತರರು ಪಡಸಾಲೆಯಲ್ಲಿದ್ದರು.

“ಎಲ್ಲಿಗೆ ಹೊಂಟಿ?”

“ಸಾಲಿಗ್ರೀ ಮಾವನೋರ.”

“ಮೊನ್ನೆ ಹೇಳಿದ್ದು ಕೇಳಿಸಲಿಲ್ಲೇನು?”

“ಕೇಳಿಸೇದ್ರಿ.”

ಅಷ್ಟರಲ್ಲಿ ಅಂಗಳದಲ್ಲಿ ಬಾನೆಟ್ಟು ಎತ್ತಿಕೊಂಡಿದ್ದ ಮಧುಸೂದನ ಕೂಗಿದ: “ಕುಮುದಾ, ಬಾಗಲಕೋಟಿಗೆ ಹೋಗಿ ಬಂದ ಮ್ಯಾಲೆ ಸ್ಕ್ರೂ ನೋಡೇ ಇಲ್ಲ. ಹನಮಂತಪ್ಪನವರು ಇನ್ನೇನು ಬರ್ತಾರ. ಒಮ್ಮೆ ಕೈ ಹಚ್ಚಿ ನೋಡು.”

“ಸಾಲಿಗೆ ಹೊತ್ತಾಗತದ್ರಿ. ಸಂಜೀಕ ಬಂದು ನೋಡತೇನಿ.”

“ಸಾಲಿ ಬಿಡು ಅಂದೇನಿ,” ಎಂದರು ಮಾಸ್ತರರು. ದನಿ ಏರಿತು.

ಕುಮುದಿನಿ ಸೆರಗಿನ ತುದಿ ಹಿಡಿದುಕೊಂಡಳು. ಮಾತು ಎರಡನೆಯ ಇಯತ್ತೆಗೆ ಪಾಠ ಹೇಳುವ ಹಾಗೆ ಸಾವಕಾಶವಾಗಿ ಬಂತು.

“ಬಿಡತೇನ್ರಿ ಮಾವನೋರ. ಬಿಟ್ಟು ಮಡಿ ಅಡಗಿಗೆ ನಿಂದರತೇನಿ. ಆದ್ರ ಮಡಿ ಉಟ್ಟಾಕಿ ಪೆಟ್ರೋಲ ಮುಟ್ಟಲಿಕ್ಕೆ ಬರೂದಿಲ್ಲ. ಮುಟ್ಟಿದ್ರ ಮತ್ತ ತಣ್ಣೀರ ಸ್ನಾನ, ಮತ್ತ ಹೊಸ ಅಡಗಿ. ಸಾಲಿಗೆ ಹೋಗಾಕಿ ಹೆಂಗೂ ಮೈಲಿಗಿ. ಬಂದಾಕಿ ಮೊದಲ ಕೊಟ್ಟಿಗಿಗೆ ಹೋಗಿ, ಆಮ್ಯಾಲೆ ಸ್ನಾನ ಮಾಡಿ ಒಳಗ ಬರ್ತೇನಿ. ಎರಡರಾಗ ಯಾವದು ಬೇಕು, ನೀವ ಹೇಳ್ರಿ.”

ಮಡಿಯ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಕೊಡುವವರು ಒಬ್ಬರೇ. ಎಲ್ಲರೂ ದೇವರ ಮನೆಯ ಕಡೆ ನೋಡಿದರು. ಅಲ್ಲಿ ಅಜ್ಜಿ ಬತ್ತಿ ಹೊಸೆಯುತ್ತ ಕೂತಿದ್ದರು.

“ಅವ್ವಾ, ನೀ ಏನಂತಿ?” ಎಂದರು ಮಾಸ್ತರರು.

“ನನ್ನೇನ ಕೇಳತಿ, ಪಂಢರೀ? ಆಕಿ ಸಾಲಿಗೆ ಹೋಗೂದು ನನಗ ಮೊದಲಿಂದ ಸೇರೂದಿಲ್ಲ,” ಎಂದರು ಅಜ್ಜಿ. ಒಂದು ಬತ್ತಿ ಮುಗಿಸಿ ಬದಿಗಿಟ್ಟರು. “ಆದ್ರ ಆಕಿ ಹೇಳಿದ್ದು ಶಾಸ್ತ್ರ. ಮಡಿಗೂ ಪೆಟ್ರೋಲಿಗೂ ಕೂಡೂದಿಲ್ಲ. ನನ್ನ ಅಡಗಿಗೆ ಆ ವಾಸನಿ ಬರಬಾರದು, ಅವರ ಮೋಟಾರು ಹಾದ್ಯಾಗ ನಿಂದರಬಾರದು. ಹೋಗಲಿ ಸಾಲಿಗೆ.”

ಕುಮುದಿನಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಓಣಿ ತಿರುಗುವವರೆಗೆ ಮೆಲ್ಲಗೆ ನಡೆದಳು. ತಿರುಗಿದ ಮೇಲೆ ಓಡಿದಳು; ಖರೆ ಹೊತ್ತಾಗಿತ್ತು.

“ನೀನ ತಿರುವಲೇ, ನಾಕ ಸ್ಕ್ರೂ,” ಎಂದರು ಮಾಸ್ತರರು ಮಗನಿಗೆ.

ಮಧುಸೂದನ ಬಾನೆಟ್ಟು ಇಳಿಸಿ, ಕೈ ಒರೆಸಿಕೊಂಡ. “ನಾ ತಿರುವಿದ್ದು ಏರಿನ್ಯಾಗ ಏನಾತು, ನೀವ ನೋಡೀರಿ. ಆಕಿ ಬಂದು ನೋಡೂತನಕ ಗಾಡಿ ತಗೆಯೂದಿಲ್ಲಪ್ಪಾ.” ಮೊನ್ನೆ ರಾತ್ರಿ ಹೇಳಬೇಕಾಗಿದ್ದದ್ದನ್ನು ಅವನು ಈಗ ಹೇಳಿದ.

ಹನಮಂತಪ್ಪನವರು ಹೆಂಡತಿ ಮಕ್ಕಳೊಡನೆ ಬಂದಾಗ ಮಾಸ್ತರರೇ ಬಾಗಿಲಲ್ಲಿ ನಿಂತಿದ್ದರು. ಕೈಕಾಲಿಗೆ ನೀರು ಕೊಡಿಸಿ, ಪಡಸಾಲೆಯಲ್ಲಿ ಜಮಖಾನ ಹಾಸಿಸಿ, ಮಥುರಾಬಾಯಿಗೆ ಅವಲಕ್ಕಿ ಹಚ್ಚಲು ಹೇಳಿದರು.

“ಅವಲಕ್ಕಿ ಯಾತಕ್ರಿ ಮಾಸ್ತರ? ಹೊಂಡೋಣಲ್ಲ,” ಎಂದರು ಹನಮಂತಪ್ಪ.

“ಗಾಡಿ ಸಂಜೀಕ ಹೊಂಡತದ್ರಿ.”

“ಯಾಕ್ರಿ, ಕೆಟ್ಟೈತೇನು?”

“ಕೆಟ್ಟಿಲ್ಲ.” ಮಾಸ್ತರರು ಜಮಖಾನದ ಅಂಚು ಸರಿಮಾಡಿದರು. “ನಮ್ಮ ಸೊಸಿ ಸಾಲಿಗೆ ಹೋಗ್ಯಾಳ್ರಿ.”

“ಸೊಸಿ ಸಾಲಿಗೆ ಹೋದ್ರ ಗಾಡಿಗೇನಾತ್ರಿ?”

ಮಾಸ್ತರರು ಅತಿಥಿಯ ಮುಂದೆ ತಂಬಿಗೆ ನೀರು ಸರಿಸಿದರು.

“ಆಕಿ ಬರಬೇಕ್ರಿ,” ಎಂದರು. “ಆಕಿ ಬರೂತನಕ ನಮ್ಮ ಗಾಡಿ ಹೊಂಡೂದಿಲ್ಲ. ನೀವು ಕೂಡ್ರಿ.”